ಕುಲುಮೆ ಆರಿದ ಊರಿನಲ್ಲಿ ನೋಡುವುದೇನಿದೆ?

ಲಂಡನ್ನಿನಿಂದ ಪಶ್ಚಿಮಕ್ಕೆ ವೇಲ್ಸ್ ನಾಡಿನತ್ತ ಸಾಗುವ ಎಂ-4 ಹೆದ್ದಾರಿ ಪೋರ್ಟ್ ಟಾಲ್ಬಟ್ ಊರನ್ನು ಮೇಲ್ಸೇತುವೆಯ ಮೇಲೆ ದಾಟುತ್ತದೆ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಉಕ್ಕಿನ ಕಾರ್ಖಾನೆ, ಅದರಾಚೆ ಸಮುದ್ರ. ಪ್ರವಾಸಿಗಳಲ್ಲಿ ಅನೇಕರು ಇಷ್ಟನ್ನು ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಕಾರ್ಖಾನೆಯ ಊರಿನಲ್ಲಿ ನೋಡುವುದೇನಿದೆ ಎಂದು ನೀವೂ ಕೇಳಬಹುದು. ಆದರೆ ಇಳಿದು ನೋಡಿದವರಿಗೆ ಇಲ್ಲಿ ಎಂಟುನೂರು ವರ್ಷಗಳಿಗೂ ಹೆಚ್ಚಿನ ಚರಿತ್ರೆ ಕಾಣಸಿಗುತ್ತದೆ.

ಮೊದಲು ಮಾರ್ಗಮ್‌ಗೆ ಬನ್ನಿ. 1147ರಲ್ಲಿ ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳಿಗಾಗಿ ಇಲ್ಲಿ ಮಠವೊಂದು ಸ್ಥಾಪನೆಯಾಯಿತು. ಅದರ ಒಂದು ಭಾಗ ಇಂದಿಗೂ ಊರವರ ಚರ್ಚು. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಕೆತ್ತನೆಯ ಪ್ರಾಚೀನ ಶಿಲುಬೆಗಲ್ಲುಗಳಿವೆ. ಮಠದ ಜಮೀನು ಮುಂದೆ ಮ್ಯಾನ್ಸೆಲ್ ಮನೆತನಕ್ಕೆ, ಅವರಿಂದ ಟಾಲ್ಬಟ್ ಮನೆತನಕ್ಕೆ ಬಂತು. 18ನೆಯ ಶತಮಾನದ ಕೊನೆಯಲ್ಲಿ ಕಿತ್ತಳೆ, ನಿಂಬೆ ಗಿಡಗಳನ್ನು ಚಳಿಯಿಂದ ಕಾಪಾಡಲೆಂದೇ ಅವರು 327 ಅಡಿ ಉದ್ದದ ಕಟ್ಟಡ ಕಟ್ಟಿಸಿದರು. 1830ರ ದಶಕದಲ್ಲಿ ಕೋಟೆಯಂಥ ಬಂಗಲೆಯೂ ಎದ್ದಿತು. 1841ರಲ್ಲಿ ತೆಗೆದ ಅದರ ಚಿತ್ರವೇ ವೇಲ್ಸ್‌ನ ಅತಿ ಹಳೆಯ ಛಾಯಾಚಿತ್ರವೆಂದು ಹೆಸರಾಗಿದೆ. ಈಗ ಆ ತೋಟ, ಜಿಂಕೆವನವೆಲ್ಲ ಸಾರ್ವಜನಿಕ ಉದ್ಯಾನ.

ಊರಿನ ಹೆಸರೂ ಈ ಮನೆತನದ್ದೇ. 1830ರ ದಶಕದಲ್ಲಿ ಕಟ್ಟಿದ ಬಂದರಿಗೆ ಪೋರ್ಟ್ ಟಾಲ್ಬಟ್ ಎಂದು ಹೆಸರಿಟ್ಟರು. ಹಿಂದಿನ ಕಣಿವೆಗಳಲ್ಲಿ ಕಲ್ಲಿದ್ದಲು, ಮುಂದೆ ಹಡಗು ನಿಲ್ಲಲು ಕಡಲು. ಕಬ್ಬಿಣದ ಕೆಲಸಕ್ಕೆ ಬೇಕಾದುದು ಇದೇ ತಾನೇ? 1951ರಲ್ಲಿ ಆ್ಯಬೆ ವರ್ಕ್ಸ್ ಎಂಬ ದೊಡ್ಡ ಕಾರ್ಖಾನೆ ತೆರೆಯಿತು. ಆ್ಯಬೆ ಎಂದರೆ ಮಠ. 1960ರ ದಶಕದಲ್ಲಿ ಇಲ್ಲಿ ಸುಮಾರು 18,000 ಜನ ದುಡಿಯುತ್ತಿದ್ದರು. 2007ರಲ್ಲಿ ಇದು ನಮ್ಮ ದೇಶದ ಟಾಟಾ ಸ್ಟೀಲ್ ಒಡೆತನಕ್ಕೆ ಬಂತು.

ಈ ದುಡಿಮೆಯ ಜನರ ನಡುವಿನಿಂದಲೇ ದೊಡ್ಡ ನಟರು ಬಂದರೆಂಬುದು ಗಮನಾರ್ಹ. ರಿಚರ್ಡ್ ಬರ್ಟನ್ 1925ರಲ್ಲಿ ಹತ್ತಿರದ ಪಾಂಟ್ರಿಡಿವೆನ್ ಹಳ್ಳಿಯಲ್ಲಿ, ವೆಲ್ಷ್ ಮಾತನಾಡುವ ಗಣಿ ಕಾರ್ಮಿಕನ ಮನೆಯಲ್ಲಿ ಹುಟ್ಟಿದರು. ಹುಟ್ಟಿನ ಹೆಸರು ಜೆಂಕಿನ್ಸ್. ತಮ್ಮನ್ನು ತಿದ್ದಿ ಬೆಳೆಸಿದ ಶಾಲಾ ಉಪಾಧ್ಯಾಯ ಫಿಲಿಪ್ ಬರ್ಟನ್ನರ ಮನೆತನದ ಹೆಸರನ್ನೇ ಅವರು ಇಟ್ಟುಕೊಂಡರು. ಆಂಥನಿ ಹಾಪ್ಕಿನ್ಸ್ 1937ರಲ್ಲಿ ಮಾರ್ಗಮ್‌ನಲ್ಲಿ ಜನಿಸಿದರು, ತಂದೆಯದು ಬೇಕರಿ. ಇಲ್ಲೇ ಬೆಳೆದ ಮೈಕೆಲ್ ಶೀನ್ 2011ರ ಈಸ್ಟರ್‌ನಲ್ಲಿ ಇಡೀ ಊರನ್ನೇ ರಂಗಸ್ಥಳ ಮಾಡಿ, ಮೂರು ದಿನ ಏಸುವಿನ ಕಥೆಯನ್ನು ಊರವರೊಂದಿಗೆ ಆಡಿದರು.

2024ರ ಸೆಪ್ಟೆಂಬರ್ 30ರಂದು ಕೊನೆಯ ಊದುಕುಲುಮೆ ಆರಿತು. ಕಲ್ಲಿದ್ದಲು ಉರಿಸಿ ಅದಿರಿನಿಂದ ಕಬ್ಬಿಣ ತೆಗೆಯುವ ಕೆಲಸ ಅಲ್ಲಿಗೆ ನಿಂತು, ಸಾವಿರಾರು ಜನ ಉದ್ಯೋಗ ಕಳೆದುಕೊಂಡರು. ಅದರ ಬದಲಿಗೆ ಗುಜರಿ ಉಕ್ಕನ್ನು ಕರಗಿಸುವ ವಿದ್ಯುತ್ ಕುಲುಮೆಯ ನಿರ್ಮಾಣ 2025ರ ಜುಲೈಯಲ್ಲಿ ಆರಂಭವಾಯಿತು. ಹೊಗೆ ಕಡಿಮೆಯಾಗುತ್ತದೆ, ನಿಜ. ಆದರೆ ಈ ವಿಧಾನಕ್ಕೆ ಕೈಗಳೂ ಕಡಿಮೆ ಸಾಕು. ಸಂಬಳ ನಿಂತ ಮನೆಗಳಿರುವ ಊರಿನಲ್ಲಿ ಅಂಗಡಿ, ಆಟದ ಕ್ಲಬ್ಬು, ಗಾಯನ ತಂಡ ಎಲ್ಲವೂ ಬಿಗಿಯಾದ ದಿನಗಳನ್ನು ಕಾಣುತ್ತವೆ. ಆದ್ದರಿಂದ ಇಲ್ಲಿ ಇಳಿದು ಒಂದು ಊಟ ಮಾಡುವ ಪ್ರವಾಸಿಯೂ ಊರಿಗೆ ಬೇಕಾದವನೇ. ಪ್ರವಾಸೋದ್ಯಮವೊಂದೇ ಕಾರ್ಖಾನೆಯ ಸ್ಥಾನವನ್ನು ತುಂಬಲಾರದು ಎಂಬುದನ್ನೂ ಮರೆಯುವಂತಿಲ್ಲ.

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಸ್ವಾನ್ಸಿಗೆ ಹೋಗುವ ರೈಲು ಪೋರ್ಟ್ ಟಾಲ್ಬಟ್ ಪಾರ್ಕ್‌ವೇಯಲ್ಲಿ ನಿಲ್ಲುತ್ತದೆ. ನಿಮಗೆ ಒಂದೇ ದಿನ ಬಿಡುವಿದ್ದರೆ ಬೆಳಿಗ್ಗೆ ಮಾರ್ಗಮ್ ನೋಡಿ. ಮಧ್ಯಾಹ್ನ ಅವಾನ್ ಕಣಿವೆಯ ಕಾಡುದಾರಿಗಳಲ್ಲಿ ಅಡ್ಡಾಡಿ. ಸಂಜೆಗೆ ಅಬೆರಾವನ್ನಿನ ಉದ್ದನೆಯ ಮರಳ ತೀರಕ್ಕೆ ಬನ್ನಿ. ಅಲ್ಲಿ ನಿಂತರೆ ಕಡಲೂ ಕಾರ್ಖಾನೆಯೂ ಒಟ್ಟಿಗೇ ಕಾಣುತ್ತವೆ.