ಅಜ್ಜಿ ಹಾಡಿದಳು, ಗಣಕಯಂತ್ರ ಕೇಳಲಿಲ್ಲ!

ಅಂಕಲಗಿಯ ಮನೆಯೊಂದರಲ್ಲಿ ಮೊಮ್ಮಗ ಅಜ್ಜಿಯ ಬೀಸುಕಲ್ಲಿನ ಪದಗಳನ್ನು ಲಿನಕ್ಸ್ ಗಣಕಯಂತ್ರದಲ್ಲಿ ಧ್ವನಿಮುದ್ರಿಸಿಕೊಂಡ ಎನ್ನಿ. ಮರಳಿ ಕೇಳಿದರೆ ಸದ್ದೇ ಇಲ್ಲ! ಪಾಲಕರೇ, ಯಂತ್ರ ಹೊತ್ತು ಗೋಕಾಕಿಗೆ ಓಡಬೇಡಿ. ಎಷ್ಟೋ ಸಲ ಮೈಕು ಕೆಟ್ಟಿರುವುದಿಲ್ಲ, ಮಿಕ್ಸರಿನಲ್ಲಿ ಅದರ ಬಾಯಿ ಮುಚ್ಚಿರುತ್ತದೆ, ಅಷ್ಟೇ.

ಲಿನಕ್ಸಿನ ಧ್ವನಿವ್ಯವಸ್ಥೆ 'ಆಲ್ಸಾ'. ಝೆಕ್ ದೇಶದ ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಆರಂಭಿಸಿದ್ದು. ಟರ್ಮಿನಲ್ ತೆರೆದು 'ಆಲ್ಸಾಮಿಕ್ಸರ್' ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ. ಎಫ್6 ಒತ್ತಿ ಸೌಂಡ್ ಕಾರ್ಡ್ ಆರಿಸಿ. ಯುಎಸ್‌ಬಿ ಮೈಕಾದರೆ ಅದೇ ಒಂದು ಬೇರೆ ಕಾರ್ಡು. ಹಲವರು ಎಡವುವುದು ಇಲ್ಲಿಯೇ. ನಂತರ ಎಫ್4. 'ಕ್ಯಾಪ್ಚರ್' ಕೆಳಗೆ ಕೆಂಪಕ್ಷರ ಕಾಣದಿದ್ದರೆ ಸ್ಪೇಸ್ ಬಾರ್ ಒತ್ತಿ, ಬಾಣದ ಕೀಲಿಯಿಂದ ಮಟ್ಟ ಏರಿಸಿ. 'ಮೈಕ್ ಬೂಸ್ಟ್' ವಿಪರೀತವಾದರೆ ಹಾಡಿಗಿಂತ ಗೊರಗೊರ ಸದ್ದೇ ಹೆಚ್ಚು.

ಮೊದಲು ಐದು ಸೆಕೆಂಡು ನೀವೇ ಕೆಮ್ಮಿ ಪರೀಕ್ಷಿಸಿರಿ. ಎಂಬತ್ತರ ಅಜ್ಜಿಗೆ ಮೂರನೇ ಸಲ ಹಾಡಲು ಉಸಿರೆಲ್ಲಿಂದ ಬರಬೇಕು?