ಗಡಿ ದಾಟುವ ಪಯಸ್ವಿನಿ

ಗೂಗಲ್ ಮ್ಯಾಪ್ ತೆರೆದು ಸುಳ್ಯ ಅಂತ ಟೈಪ್ ಮಾಡಿ. ಪೇಟೆಯ ಪಕ್ಕದಲ್ಲೇ ಒಂದು ಸಣ್ಣ ನೀಲಿ ಗೆರೆ ಕಾಣುತ್ತೆ. ಅದೇ ಪಯಸ್ವಿನಿ. ಆ ಗೆರೆಯನ್ನೇ ಹಿಡಿದು ಕೆಳಗೆ ಹೋದರೆ ಸ್ವಲ್ಪ ದೂರದಲ್ಲಿ ಕೇರಳದ ಗಡಿ ಬರುತ್ತೆ. ಕಾಸರಗೋಡಿನ ಹತ್ತಿರ ಕಡಲು ಸೇರುವಾಗ ಅದೇ ನೀರಿನ ಹೆಸರು ಚಂದ್ರಗಿರಿ. ಮೂಲದಿಂದ ಕಡಲಿನವರೆಗೆ ಸುಮಾರು 105 ಕಿ.ಮೀ. ಅಷ್ಟೇ. ಕಾವೇರಿ, ಮಹದಾಯಿ ಗಲಾಟೆಗಳನ್ನು ನ್ಯೂಸ್‌ನಲ್ಲಿ ನೋಡುತ್ತಲೇ ಬೆಳೆದವರು ನಾವು. ಆದರೆ ಈ ನದಿಯ ಹೆಸರು ನಮ್ಮ ಕ್ಲಾಸಿನಲ್ಲಿ ಎಷ್ಟು ಜನಕ್ಕೆ ಗೊತ್ತು ಕೇಳಿ ನೋಡಿ!

ಪಯಸ್ವಿನಿ ಹುಟ್ಟೋದು ಕೊಡಗಿನ ಕಾಡಿನಲ್ಲಿ. ಚಂದ್ರಗಿರಿಯ ಇನ್ನೊಂದು ಕವಲು ತಲಕಾವೇರಿ ಕಡೆಯ ಬೆಟ್ಟಗಳಿಂದ ಇಳಿಯುತ್ತೆ. ಕೇರಳದೊಳಗೆ ಎರಡೂ ಸೇರುತ್ತವೆ. ಆ ಬೆಟ್ಟದ ಒಂದು ಪಕ್ಕಕ್ಕೆ ಬಿದ್ದ ಮಳೆಹನಿ ಕಾವೇರಿಯಾಗಿ 800 ಕಿ.ಮೀ. ಪೂರ್ವಕ್ಕೆ ಹೋದರೆ, ಇನ್ನೊಂದು ಪಕ್ಕಕ್ಕೆ ಬಿದ್ದದ್ದು ಬೇಗನೆ ಅರಬ್ಬೀ ಸಮುದ್ರದಲ್ಲಿರುತ್ತೆ. ಮಡಿಕೇರಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಬಂದವರು ಸಂಪಾಜೆ, ಅರಂತೋಡು ದಾಟುವಾಗ ಈ ನದಿಯನ್ನು ನೋಡಿಯೇ ಇರುತ್ತೀರಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದಾಗ ಮಣ್ಣು, ಮರ ಎಲ್ಲಾ ಬಂದದ್ದು ಇದೇ ಕಣಿವೆಗೆ.

ಈ ಕಣಿವೆಯ ಜನರ ಮೇಲೆ ಗೆರೆ ಎಳೆಯುವ ಆಟ ಹಳೆಯದು. ಅಮರ ಸುಳ್ಯವನ್ನು ಈಸ್ಟ್ ಇಂಡಿಯಾ ಕಂಪನಿ 1804ರಲ್ಲಿ ಕೊಡಗಿನ ಅರಸರಿಗೆ ಕೊಟ್ಟಿತ್ತು. 1834ರಲ್ಲಿ ಕೊಡಗನ್ನೇ ನುಂಗಿದ ಮೇಲೆ ಮತ್ತೆ ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಕಂದಾಯ ಕಟ್ಟುತ್ತಿದ್ದ ರೈತ ಈಗ ನಗದೇ ಕೊಡಬೇಕು ಅಂದರೆ ಎಲ್ಲಿಂದ ತರೋದು? 1837ರಲ್ಲಿ ಸುಳ್ಯದಿಂದ ಹೊರಟ ದಂಡು ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡಿತ್ತು. 1857ಕ್ಕೆ ಇಪ್ಪತ್ತು ವರ್ಷ ಮೊದಲು! ನಮ್ಮ ಸ್ಕೂಲ್ ಟೆಕ್ಸ್ಟ್‌ಬುಕ್‌ನಲ್ಲಿ ಇದಕ್ಕೆ ಒಂದು ಪ್ಯಾರಾ ಸಿಕ್ಕಿದ್ದರೆ ಹೆಚ್ಚು.

ಕೆಳಗಡೆ, ನದಿಯೇ ಬಹಳ ಕಾಲ ಗಡಿಯಾಗಿತ್ತು. ಚಂದ್ರಗಿರಿಯ ಉತ್ತರಕ್ಕೆ ತುಳುನಾಡು, ದಕ್ಷಿಣಕ್ಕೆ ಮಲಯಾಳದ ಅರಸರ ನಾಡು ಅನ್ನೋದು ಹಳೆಯ ಲೆಕ್ಕ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಈ ಲೆಕ್ಕವನ್ನು ಒಪ್ಪಲಿಲ್ಲ. ಅವನ ಮುರಕಲ್ಲಿನ ಚಂದ್ರಗಿರಿ ಕೋಟೆ ಇರೋದು ನದಿಯ ದಕ್ಷಿಣ ದಡದಲ್ಲಿ. ಮುಂದೆ ಕಾಸರಗೋಡು ತಾಲ್ಲೂಕು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ್ ಆಯೋಗ ವರದಿ ಕೊಟ್ಟಾಗ ಮತ್ತೆ ಈ ನದಿಯ ಹೆಸರೇ ಬಂತು: ಅದರ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಅಂತ. ಅದು ಜಾರಿಯಾಗಲಿಲ್ಲ. ಕಯ್ಯಾರ ಕಿಞ್ಞಣ್ಣ ರೈ ಅಂಥವರು ಜೀವನಪೂರ್ತಿ ಹೋರಾಡಿದರು. ಅಲ್ಲಿನ ಕನ್ನಡ ಮೀಡಿಯಂ ಮಕ್ಕಳಿಗೆ ಇದು ಇವತ್ತಿಗೂ ಮುಗಿದ ಕತೆ ಅಲ್ಲ. ಹೀಗಾಗಿ ಈಗ ಗಡಿ ನದಿಯ ಉದ್ದಕ್ಕೆ ಇಲ್ಲ, ನದಿಯನ್ನು ಅಡ್ಡಕ್ಕೆ ಕತ್ತರಿಸುತ್ತೆ. ಮೇಲಿನ ನೀರು ಒಂದು ರಾಜ್ಯದ್ದು, ಕೆಳಗಿನ ನೀರು ಇನ್ನೊಂದರದ್ದು.

ಇದರ ಬಿಸಿ ಗೊತ್ತಾಗೋದು ಮಾರ್ಚ್, ಏಪ್ರಿಲ್‌ನಲ್ಲಿ. ಕಾಸರಗೋಡು ಪೇಟೆಗೆ ಕುಡಿಯುವ ನೀರು ಹೋಗೋದು ಬಾವಿಕ್ಕೆರೆಯಿಂದ. ಮಳೆಗಾಲದಲ್ಲಿ ಉಕ್ಕಿ ಹರಿಯುವ ನದಿ ಬೇಸಿಗೆಯಲ್ಲಿ ಸಣ್ಣ ತೋಡಿನಂತಾಗುತ್ತೆ. ಆಗ ಭರತದ ಜೊತೆ ಕಡಲ ನೀರು ಮೇಲಕ್ಕೆ ನುಗ್ಗುತ್ತೆ. ನಾವು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ್ದೇ: ಉಪ್ಪುನೀರು ಸಿಹಿನೀರಿಗಿಂತ ಸುಮಾರು 2.5% ಭಾರ. ನಾಲ್ಕು ಮೀಟರ್ ಆಳದ ಉಪ್ಪುನೀರಿನ ಒತ್ತಡಕ್ಕೆ ತಳದಲ್ಲಿ ಸರಿಸಾಟಿಯಾಗಬೇಕಾದರೆ ಸಿಹಿನೀರು 10 ಸೆಂ.ಮೀ. ಎತ್ತರ ಜಾಸ್ತಿ ಇರಬೇಕು. ಮೇಲಿಂದ ಹರಿವು ಇದ್ದರೆ ಆ ಎತ್ತರ ತಾನಾಗಿಯೇ ಸಿಗುತ್ತೆ. ಹರಿವು ಬತ್ತಿದರೆ ಉಪ್ಪುನೀರು ತಳ ಹಿಡಿದು, ಚೂಪಾದ ಬೆಣೆಯ ಹಾಗೆ, ಪಂಪಿನವರೆಗೂ ಬರುತ್ತೆ. ನೀರು ಮೇಲಿಂದ ನೋಡಲು ಸಿಹಿಯೇ! ವರ್ಷಗಟ್ಟಲೆ ಅಲ್ಲಿ ಪ್ರತಿ ಬೇಸಿಗೆ ಮರಳಿನ ಚೀಲ ಪೇರಿಸಿ ತಾತ್ಕಾಲಿಕ ಒಡ್ಡು ಕಟ್ಟುತ್ತಿದ್ದರು. ಅದು ತಡವಾದರೆ ನಲ್ಲಿಯಲ್ಲಿ ಉಪ್ಪುನೀರು. ಟೀ ಮಾಡೋದು ಹೇಗೆ ಹೇಳಿ. ಈಗ ಶಾಶ್ವತ ತಡೆಗೋಡೆ ಆಗಿದೆ.

ಆದರೆ ಗೋಡೆ ಉಪ್ಪನ್ನು ತಡೆಯುತ್ತೆ, ಸಿಹಿನೀರನ್ನು ಹುಟ್ಟಿಸೋದಿಲ್ಲ. ಅದು ಬರಬೇಕಾದದ್ದು ಸುಳ್ಯ, ಸಂಪಾಜೆ ಕಡೆಯಿಂದಲೇ. ಸುಳ್ಯ ಪೇಟೆಯೂ ಕುಡಿಯೋದು ಇದೇ ನದಿಯ ನೀರು. ಎರಡೂ ಕಡೆ ಅಡಿಕೆ ತೋಟಗಳು, ತೋಟಕ್ಕೊಂದು ಪಂಪು. ಮೇಲೆ ಒಬ್ಬ ಎತ್ತಿದ್ದು ಕೆಳಗೆ ಇನ್ನೊಬ್ಬನಿಗೆ ಕಡಿಮೆ. ಇಷ್ಟಿದ್ದರೂ ಕಾವೇರಿಗಿರುವ ಹಾಗೆ ಇದಕ್ಕೆ ಟ್ರಿಬ್ಯೂನಲ್ ಇಲ್ಲ. ನದಿ ಸಣ್ಣದು, ಓಟೂ ಸಣ್ಣದು ಅನ್ನಿಸುತ್ತೆ ನಮಗೆ.

ಸರ್ಕಾರದ ಗೆರೆಗಳಿಗಿಂತ ಹಳೆಯದೊಂದು ವ್ಯವಸ್ಥೆ ಗಡಿಯ ಎರಡೂ ಬದಿಯಲ್ಲಿದೆ: ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ ಕೊರೆದು ಒಳಗಿನ ಒರತೆಯನ್ನು ಹೊರಗೆ ಹರಿಸೋದು. ಪಂಪು ಬೇಡ, ಕರೆಂಟ್ ಬೇಡ. ಮಳೆನೀರು ಗುಡ್ಡದೊಳಗೆ ಇಂಗಿದ್ದರೆ ಬೇಸಿಗೆಯಲ್ಲೂ ಒಸರುತ್ತೆ, ನದಿಗೂ ಹನಿಯುತ್ತೆ. ಗುಡ್ಡದ ನೆತ್ತಿಯನ್ನು ಜೆಸಿಬಿಯಲ್ಲಿ ಸಪಾಟು ಮಾಡಿದರೆ ಎರಡೂ ನಿಲ್ಲುತ್ತೆ.

ಸಿವಿಲ್‌ನವರಿಗೆ ಒಂದು ಮಾತು. ಎರಿಂಜಿಪುಳದಲ್ಲಿ ಕೇಂದ್ರ ಜಲ ಆಯೋಗ ಈ ನದಿಯ ಹರಿವನ್ನು ಅಳೆಯುತ್ತೆ. ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಸಿಗ್ತಿಲ್ಲ ಅಂತ ಕ್ಯಾಂಟೀನಿನಲ್ಲಿ ಕೂತಿರುವವರು ಅಲ್ಲಿನ ಬೇಸಿಗೆಯ ಹರಿವನ್ನೂ ಸಂಪಾಜೆ ಕಡೆಯ ಮಳೆಯನ್ನೂ ಒಂದೇ ಗ್ರಾಫಿನಲ್ಲಿ ಹಾಕಿ ನೋಡಬಹುದು.