ಧ್ರುವಸಮುದ್ರದ ಹಿಮವೂ ಉತ್ತರಾ ಮಳೆಯೂ

ಹತ್ತಿಮತ್ತೂರಿನ ಎರೆಭೂಮಿಗೂ ಉತ್ತರಧ್ರುವದ ಹಿಮಕ್ಕೂ ಸಂಬಂಧವನ್ನು ಅರಸುವುದು ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಸವಣೂರು ಸೀಮೆಯ ರೈತನು ಗೋವಿನಜೋಳದ ತೆನೆಯನ್ನು ಕಾಯುತ್ತ ಹಿಂಗಾರಿಗೆ ಹೊಲವನ್ನು ಹಸನುಮಾಡುವ ಉತ್ತರಾ ನಕ್ಷತ್ರದ ದಿನಗಳಲ್ಲಿಯೇ, ಅಂದರೆ ಸೆಪ್ಟೆಂಬರ್ ನಡುಭಾಗದಲ್ಲಿ, ಆರ್ಕ್ಟಿಕ್ ಸಮುದ್ರದ ಹಿಮವು ವರ್ಷದಲ್ಲಿ ಅತ್ಯಂತ ಕುಗ್ಗಿರುತ್ತದೆ. ಈ ಎರಡರ ನಡುವೆ ಸಾಗರದ ಶಾಖವು ಕೊಂಡಿಯಾಗಿರಬಹುದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಸಮುದ್ರಹಿಮವೆಂದರೆ ಕಡಲ ನೀರೇ ಹೆಪ್ಪುಗಟ್ಟಿ ತೇಲುವ ಗಡ್ಡೆ. ಗ್ರೀನ್‌ಲೆಂಡಿನ ನೆಲದ ಮೇಲಿನ ಹಿಮರಾಶಿಯಲ್ಲ. ಅದು ಕರಗುವುದರಿಂದ ಕಡಲಿನ ಮಟ್ಟ ಏರುವುದು ಅತ್ಯಲ್ಪ. ಹಾನಿ ಬೇರೆಡೆ ಇದೆ. ಬಿಳಿಯ ಹಿಮವು ತನ್ನ ಮೇಲೆ ಬೀಳುವ ಬಿಸಿಲಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹಿಂದಿರುಗಿಸುತ್ತದೆ. ತೆರೆದ ನೀರು ಶೇಕಡಾ 6ರಷ್ಟನ್ನು ಮಾತ್ರ. ಉಳಿದ ಶಾಖವೆಲ್ಲ ನೀರಿನಲ್ಲಿ ನಿಂತು, ಮುಂದೆ ಹೊಸ ಹಿಮ ಕಟ್ಟುವುದನ್ನು ತಡಮಾಡುತ್ತದೆ. ಮೇಲಾಗಿ, ಅಟ್ಲಾಂಟಿಕ್ ಕಡೆಯಿಂದ ಬ್ಯಾರೆಂಟ್ಸ್ ಸಮುದ್ರಕ್ಕೆ ಹರಿದುಬರುವ ಬೆಚ್ಚನೆಯ ನೀರು ಹಿಮವನ್ನು ತಳದಿಂದ ಸವೆಸುತ್ತದೆ. ಹಸಿರುಮನೆ ಅನಿಲಗಳಿಂದಾಗಿ ಭೂಮಿಯಲ್ಲಿ ಉಳಿದ ಹೆಚ್ಚುವರಿ ಶಾಖದಲ್ಲಿ ಶೇಕಡಾ 90ರಷ್ಟನ್ನು ಸಾಗರಗಳೇ ಹೀರಿಕೊಂಡಿವೆ.

ಇತಿಹಾಸದ ವಿದ್ಯಾರ್ಥಿಗೆ ಆಧಾರಗಳ ಪ್ರಶ್ನೆಯೇ ಮುಖ್ಯ. ಹಿಂದಿನ ಶತಮಾನಗಳ ಹಿಮದ ಎಲ್ಲೆಯನ್ನು ತಿಮಿಂಗಿಲ ಬೇಟೆಯ ಹಡಗುಗಳ ದಿನಚರಿಗಳಂಥ ಸಾಧನಗಳಿಂದ ಊಹಿಸಬೇಕು. ಉಪಗ್ರಹಗಳ ಅವಿಚ್ಛಿನ್ನ ದಾಖಲೆ ದೊರೆಯುವುದು 1978ರ ಕೊನೆಯಿಂದ. 2012ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಹಿಮವು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿಯಿತು. ಅಷ್ಟು ಕಡಿಮೆ ಹರವನ್ನು ಆ ದಾಖಲೆ ಹಿಂದೆ ಕಂಡಿರಲಿಲ್ಲ. ದಕ್ಷಿಣಧ್ರುವದ ವೃತ್ತಾಂತ ಇಷ್ಟು ನೇರವಲ್ಲ. ಅಲ್ಲಿ 2014ರಲ್ಲಿ ಹಿಮವು 2 ಕೋಟಿ ಚದರ ಕಿಲೋಮೀಟರನ್ನು ಮೀರಿತ್ತು. 2023ರ ಚಳಿಗಾಲದಲ್ಲಿಯಾದರೋ 1 ಕೋಟಿ 70 ಲಕ್ಷವನ್ನೂ ಮುಟ್ಟಲಿಲ್ಲ.

ಇನ್ನು ನಮ್ಮ ಮಳೆಯ ವಿಚಾರ. ಗೋವೆಯ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರದ ವಿದ್ವಾಂಸರು ನಾರ್ವೆಯವರೊಡಗೂಡಿ 2021ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಕಾರಾ ಸಮುದ್ರದಲ್ಲಿ ಬೇಸಗೆಯ ಹಿಮ ತಗ್ಗಿದಾಗ ಮೇಲಣ ವಾಯುಮಂಡಲದ ಅಲೆಗಳು ವಾಯವ್ಯ ಯೂರೋಪಿನಿಂದ ಏಷ್ಯಾದತ್ತ ಹಬ್ಬಿ, ಬೆಚ್ಚಗಾದ ಅರಬ್ಬೀ ಸಮುದ್ರದ ತೇವವೂ ಕೂಡಿಕೊಂಡು, ಮಧ್ಯಭಾರತದಲ್ಲಿ ಮುಂಗಾರಿನ ಕೊನೆಯ ಅತಿವೃಷ್ಟಿಗೆ ಅನುಕೂಲವಾಗುತ್ತದೆಂಬುದು ಅದರ ಸಾರ. ಶೀರ್ಷಿಕೆಯಲ್ಲಿಯೇ ಅವರು ‘ಸಂಭವನೀಯ’ ಎಂಬ ವಿಶೇಷಣವನ್ನು ಇರಿಸಿರುವುದು ಪ್ರಶಂಸನೀಯ. ನಮ್ಮ ಇತಿಹಾಸಕಾರರಲ್ಲಿ ಈ ಸಂಯಮ ವಿರಳ.

ಸವಣೂರು ಸೀಮೆಯು ಮಧ್ಯಭಾರತಕ್ಕೆ ದಕ್ಷಿಣದಲ್ಲಿದೆ. ಆದುದರಿಂದ ಇಲ್ಲಿ ತೆನೆಯನ್ನು ಕೊಳೆಸುವ ಪ್ರತಿಯೊಂದು ಜಡಿಮಳೆಯನ್ನೂ ಕಾರಾ ಸಮುದ್ರದ ಲೆಕ್ಕಕ್ಕೆ ಬರೆಯಲಾಗದು. ತಾಲ್ಲೂಕು ಮಳೆಮಾಪನದ ಅಂಕಿಗಳನ್ನು 1979ರಿಂದೀಚೆಗೆ ಉತ್ತರಾ, ಹಸ್ತಾ ಮಳೆಗಳೆಂದು ವಿಂಗಡಿಸಿ, ಆಯಾ ವರ್ಷದ ಹಿಮದ ಹರವಿನ ಪಕ್ಕದಲ್ಲಿ ಇಟ್ಟು ನೋಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳೇ ಕೈಗೊಳ್ಳಬಹುದು.